ಗಂಟಲು ಕೆಟ್ಟರೆ ಕಿವಿ ಏಕೆ ನೋಯುತ್ತದೆ?

ಪ್ರಶ್ನೆ: ನಾನು ಚಿತ್ತಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ, ವಯಸ್ಸು 34. ಆರು ದಿನಗಳ ಹಿಂದೆ ಗಂಟಲು ನೋವು, ಜ್ವರ ಶುರುವಾಯಿತು. ಮೂರನೆಯ ದಿನದಿಂದ ಉಗುಳು ನುಂಗಿದಾಗಲೆಲ್ಲ ಬಲಗಿವಿಯ ಒಳಗೆ ಸೂಜಿ ಚುಚ್ಚಿದಂತಾಗುತ್ತಿದೆ. ಅತ್ತೆಯವರು ಎರಡು ರಾತ್ರಿ ಬೆಳ್ಳುಳ್ಳಿ ಹಾಕಿ ಕಾಸಿದ ಎಣ್ಣೆಯನ್ನು ಕಿವಿಗೆ ಬಿಟ್ಟರು, ಏನೂ ಕಡಿಮೆಯಾಗಲಿಲ್ಲ. ಕಲಬುರಗಿಗೆ ಬಂದು ತೋರಿಸಿದಾಗ ವೈದ್ಯರು ಕಿವಿಯೊಳಗೆ ದೀಪ ಹಿಡಿದು ನೋಡಿ, ಕಿವಿ ಚೊಕ್ಕವಾಗಿದೆ, ತೊಂದರೆ ಇರುವುದು ಟಾನ್ಸಿಲ್‌ನಲ್ಲಿ ಎಂದು ಗಂಟಲಿಗೆ ಮಾತ್ರ ಔಷಧ ಬರೆದರು. ನೋವು ಕಿವಿಯಲ್ಲಿರುವಾಗ ಕಿವಿಗೆ ಏನೂ ಆಗಿಲ್ಲ ಎನ್ನುವುದು ಹೇಗೆ ಸಾಧ್ಯ? ಗಂಟಲಿನ ಸೋಂಕು ಕಿವಿಗೆ ಏರಿದೆಯೇ? ಇನ್ನೊಂದು ಮಾತು: 58 ವರ್ಷದ ನಮ್ಮ ಮಾವನವರಿಗೂ ಎರಡು ತಿಂಗಳಿಂದ ಎಡಗಿವಿ ನೋವಿದೆ. ಅವರ ಕಿವಿಯಲ್ಲೂ ಏನಿಲ್ಲವೆಂದು ಹೇಳಿದ್ದಾರೆ. ತಂಬಾಕು ಹಾಕುವ ರೂಢಿ ಇದೆ. ನನಗೆ ಬರೆದ ಗುಳಿಗೆಯನ್ನೇ ಅವರಿಗೂ ಕೊಡಬಹುದೇ?

ಉತ್ತರ: ನಿಮ್ಮ ಪತ್ರದ ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. ಕೊಡಬೇಡಿ. ನಿಮ್ಮ ಕಿವಿನೋವು ಮತ್ತು ಮಾವನವರ ಕಿವಿನೋವು ಒಂದೇ ದಾರಿಯಲ್ಲಿ ಬಂದಿರಬಹುದಾದರೂ ಎರಡರ ಮೂಲ ಒಂದೇ ಆಗಿರಬೇಕಾಗಿಲ್ಲ. ನಿಮ್ಮದು ಆರು ದಿನದ್ದು, ಜ್ವರದೊಂದಿಗೆ ಬಂದದ್ದು, ಕಾರಣ ಕಣ್ಣಿಗೆ ಕಂಡಿರುವಂಥದ್ದು. ಅವರದು ಎರಡು ತಿಂಗಳ ಹಳೆಯದು, ಒಂದೇ ಬದಿಯದು, ಕಾರಣ ಇನ್ನೂ ಯಾರಿಗೂ ಕಾಣದಿರುವಂಥದ್ದು. ಕಿವಿ-ಮೂಗು-ಗಂಟಲಿನ ವೈದ್ಯರಿಗೆ ನಿಮ್ಮ ಪತ್ರದಲ್ಲಿ ಕಳವಳ ಹುಟ್ಟಿಸುವುದು ನಿಮ್ಮ ಟಾನ್ಸಿಲ್ ಅಲ್ಲ, ಆ ಕೊನೆಯ ಸಾಲು. ಅದು ಏಕೆ ಎಂಬುದು ತಿಳಿಯಬೇಕಾದರೆ ನಿಮ್ಮ ಕಿವಿ ಏಕೆ ನೋಯುತ್ತಿದೆ ಎಂಬುದನ್ನು ಮೊದಲು ತಿಳಿಯಬೇಕು; ಆದ್ದರಿಂದ ಅಲ್ಲಿಂದಲೇ ತೊಡಗುತ್ತೇನೆ.

ಕಿವಿಯಲ್ಲಿ ಏನೂ ಇಲ್ಲ ಎಂದು ವೈದ್ಯರು ಹೇಳಿದರೆ ನೋವು ಸುಳ್ಳು ಎಂದು ಅರ್ಥವಲ್ಲ. ನಮ್ಮ ಭಾಗದಲ್ಲಿ ರೋಗಿಗಳು ಈ ಮಾತನ್ನು ಕೇಳಿ ಮುನಿಸಿಕೊಂಡು ಇನ್ನೊಂದು ದವಾಖಾನೆಗೆ ಹೋಗುವುದನ್ನು ನಾನು ಬಹಳ ಕಂಡಿದ್ದೇನೆ. ತಪ್ಪು ಅರ್ಧ ನಮ್ಮದೇ, ಏಕೆಂದರೆ ಮುಂದಿನ ವಾಕ್ಯವನ್ನು ಹೇಳುವಷ್ಟು ವ್ಯವಧಾನ ನಮಗೆ ಹೊರರೋಗಿ ವಿಭಾಗದಲ್ಲಿ ಇರುವುದಿಲ್ಲ. ಆ ಮುಂದಿನ ವಾಕ್ಯ ಇಷ್ಟೇ: ಗಾಯ ಒಂದು ಕಡೆ ಇದ್ದು ನೋವು ಇನ್ನೊಂದು ಕಡೆ ಕಾಣಿಸಿಕೊಳ್ಳಬಹುದು. ವೈದ್ಯಕೀಯದಲ್ಲಿ ಇದನ್ನು ರೆಫರ್ಡ್ ಪೇನ್ ಎನ್ನುತ್ತಾರೆ. ನಾನು ರೋಗಿಗಳಿಗೆ ಹೇಳುವಾಗ ಎರವಲು ನೋವು ಎನ್ನುತ್ತೇನೆ. ಹೃದಯಾಘಾತವಾದವರಿಗೆ ಎಡಗೈ ಸೆಳೆಯುವುದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಅಲ್ಲಿ ಕೈಗೆ ಎಣ್ಣೆ ತಿಕ್ಕುತ್ತ ಕೂತರೆ ಏನಾಗುತ್ತದೆಂದು ವಿವರಿಸಬೇಕಾಗಿಲ್ಲ.

ದೇಹದಲ್ಲಿ ಎರವಲು ನೋವನ್ನು ಕಿವಿಯಷ್ಟು ಧಾರಾಳವಾಗಿ ಪಡೆಯುವ ಭಾಗಗಳು ಕಡಿಮೆ. ಕಾರಣ ಅದರ ನರಗಳ ಹಂಚಿಕೆ. ಅಂಗೈಯಲ್ಲಿ ಮುಚ್ಚಬಹುದಾದಷ್ಟು ಸಣ್ಣ ಅಂಗವಾದರೂ ಕಿವಿಗೆ ಸ್ಪರ್ಶ ಮತ್ತು ನೋವಿನ ಅರಿವನ್ನು ಒಂದೇ ನರ ಒಯ್ಯುವುದಿಲ್ಲ. ಮಿದುಳಿನಿಂದ ನೇರವಾಗಿ ಹೊರಡುವ 12 ಜೊತೆ ನರಗಳಲ್ಲಿ ನಾಲ್ಕು, ಅಂದರೆ 5, 7, 9 ಮತ್ತು 10ನೆಯವು, ಇವುಗಳ ಜೊತೆಗೆ ಕುತ್ತಿಗೆಯ ಬೆನ್ನುಹುರಿಯಿಂದ ಬರುವ 2 ಮತ್ತು 3ನೆಯ ನರಗಳು ಕಿವಿಯನ್ನು ತುಂಡು ತುಂಡಾಗಿ ಹಂಚಿಕೊಂಡಿವೆ. ಹಳೆಯ ಒಟ್ಟು ಕುಟುಂಬದ ಹೊಲ ಅಣ್ಣತಮ್ಮಂದಿರ ನಡುವೆ ಪಾಲಾದಂತೆ ಇದು. ಪ್ರತಿಯೊಬ್ಬರಿಗೂ ಇಲ್ಲಿ ಒಂದು ಪಟ್ಟಿ ಇದೆ, ಆದರೆ ಅವರ ದೊಡ್ಡ ಜಮೀನು ಇರುವುದು ಬೇರೆ ಕಡೆ. 5ನೆಯ ನರದ ದೊಡ್ಡ ಜಮೀನು ಮುಖ, ಹಲ್ಲು, ದವಡೆ. 9ನೆಯದರದು ಗಂಟಲು, ಟಾನ್ಸಿಲ್, ನಾಲಿಗೆಯ ಹಿಂಭಾಗದ ಮೂರನೆಯ ಒಂದು ಪಾಲು. 10ನೆಯದರದು ಗಂಟಲಿನ ಕೆಳಭಾಗ, ಧ್ವನಿಪೆಟ್ಟಿಗೆ, ಅಲ್ಲಿಂದ ಕೆಳಗೆ ಎದೆ ಹೊಟ್ಟೆಯವರೆಗೂ.

ನಿಮ್ಮ ನೋವಿಗೆ ಮುಖ್ಯವಾಗಿ ಸಂಬಂಧಿಸಿದ್ದು 9ನೆಯ ನರ. ಅದರ ಹೆಸರು ಗ್ಲಾಸೋಫ್ಯಾರಿಂಜಿಯಲ್. ಈ ನರ ತಲೆಬುರುಡೆಯ ತಳದಿಂದ ಹೊರಬಿದ್ದ ಕೂಡಲೇ ಒಂದು ಸಣ್ಣ ಕವಲನ್ನು ಹಿಂದಕ್ಕೆ, ಮೇಲಕ್ಕೆ ಕಳಿಸುತ್ತದೆ. ಆ ಕವಲು ಮೂಳೆಯೊಳಗಿನ ಒಂದು ಸೂಕ್ಷ್ಮ ಕೊಳವೆಯ ಮೂಲಕ ನಡುಗಿವಿಯನ್ನು ಹೊಕ್ಕು, ಕಿವಿಯ ಪರದೆಯ ಹಿಂದಿರುವ ಒಳಪೊರೆಯಲ್ಲಿ ಬಲೆಯಂತೆ ಹರಡುತ್ತದೆ. ಡೆನ್ಮಾರ್ಕಿನ ಅಂಗರಚನಾ ತಜ್ಞ ಲುಡ್ವಿಗ್ ಜೇಕಬ್‌ಸನ್ (1783–1843) ಇದನ್ನು ವಿವರಿಸಿದ್ದರಿಂದ ಇಂದಿಗೂ ಅದಕ್ಕೆ ಜೇಕಬ್‌ಸನ್ ನರವೆಂದೇ ಹೆಸರು. ಅದೇ 9ನೆಯ ನರ ಕುತ್ತಿಗೆಯಲ್ಲಿ ಕೆಳಗಿಳಿದು, ಟಾನ್ಸಿಲ್‌ಗೂ ಗಂಟಲಿನ ಹಿಂಗೋಡೆಗೂ ತನ್ನ ಉಳಿದ ಕವಲುಗಳನ್ನು ಕೊಡುತ್ತದೆ. ಹೀಗೆ ನಿಮ್ಮ ಬಲ ಟಾನ್ಸಿಲ್ ಮತ್ತು ಬಲ ನಡುಗಿವಿ ಒಂದೇ ನರದ ಎರಡು ಟೊಂಗೆಗಳ ತುದಿಯಲ್ಲಿವೆ.

ಈ ನರಗಳ ನೋವಿನ ಎಳೆಗಳೆಲ್ಲ ಮಿದುಳಿನ ಕಾಂಡದಲ್ಲಿ ಒಂದೇ ಉದ್ದನೆಯ ಕೇಂದ್ರಕ್ಕೆ ಬಂದು ಸೇರುತ್ತವೆ, ಮತ್ತು ಅಲ್ಲಿಂದ ಮುಂದೆ ಸುದ್ದಿ ಒಯ್ಯುವ ಜೀವಕೋಶಗಳು ಬಂದ ಎಳೆಗಳಿಗಿಂತ ಕಡಿಮೆ ಇರುವುದರಿಂದ ಹಲವು ಎಳೆಗಳು ಒಂದೇ ಕೋಶವನ್ನು ಹಂಚಿಕೊಳ್ಳುತ್ತವೆ. ನೀವು ಚಿತ್ತಾಪುರದವರಾದ್ದರಿಂದ ವಾಡಿ ಜಂಕ್ಷನ್ನಿನ ಉದಾಹರಣೆ ನಿಮಗೆ ಸಲೀಸಾಗಿ ಹಿಡಿಸೀತು. ಯಾದಗಿರಿ ಕಡೆಯಿಂದ ಬರುವ ರೈಲೂ, ಸೇಡಂ–ಚಿತ್ತಾಪುರ ಕಡೆಯಿಂದ ಬರುವ ರೈಲೂ ವಾಡಿಯಲ್ಲಿ ಕೂಡಿಕೊಂಡು ಅಲ್ಲಿಂದ ಶಹಾಬಾದ್ ದಾಟಿ ಒಂದೇ ದಾರಿಯಲ್ಲಿ ಕಲಬುರಗಿಗೆ ಬರುತ್ತವೆ. ಕಲಬುರಗಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತವನಿಗೆ ದೂರದಲ್ಲಿ ಇಂಜಿನ್ ಕಂಡಾಗ ಅದು ಎತ್ತಣಿಂದ ಹೊರಟದ್ದೆಂದು ಬರೀ ಹಳಿಯನ್ನು ನೋಡಿ ಹೇಳಲಾಗದು. ಮಿದುಳಿನ ಸ್ಥಿತಿಯೂ ಅದೇ. ಟಾನ್ಸಿಲ್‌ನಿಂದ ಹೊರಟ ಸುದ್ದಿ ಜೋರಾಗಿಯೂ ಎಡೆಬಿಡದೆಯೂ ಬರತೊಡಗಿದಾಗ, ಅದೇ ಹಳಿಯ ಮೇಲೆ ಬರಬಹುದಾದ ಕಿವಿಯ ಸುದ್ದಿಯೂ ಇದರಲ್ಲಿದೆ ಎಂದು ಮಿದುಳು ಲೆಕ್ಕ ಹಾಕಿಬಿಡುತ್ತದೆ. ರೈಲಿಗಾದರೆ ಬೋರ್ಡು ಇರುತ್ತದೆ, ನೋವಿಗೆ ಇಲ್ಲ.

ಈ ಹಂಚಿಕೆ ಬರೀ ಪುಸ್ತಕದ ಮಾತಲ್ಲವೆಂಬುದಕ್ಕೆ ಒಂದು ಸಾಕ್ಷಿ ನಿಮ್ಮ ಮನೆಯಲ್ಲೇ ಸಿಗಬಹುದು. ಕಿವಿಯ ಗುಗ್ಗೆ ತೆಗೆಯುವಾಗ ಕೆಲವರಿಗೆ ಒಮ್ಮೆಲೇ ಒಣಕೆಮ್ಮು ಬರುತ್ತದೆ. ಕಿವಿಗೂ ಕೆಮ್ಮಿಗೂ ಏನು ನಂಟು? 10ನೆಯ ನರವಾದ ವೇಗಸ್‌ನ ಒಂದು ಸಣ್ಣ ಕವಲು ಕಿವಿಯ ಕೊಳವೆಯ ಹಿಂಗೋಡೆಗೆ ಬರುತ್ತದೆ. ಜರ್ಮನಿಯ ಫ್ರೀಡ್ರಿಕ್ ಆರ್ನಾಲ್ಡ್ (1803–1890) ಅವರ ಹೆಸರಿನಲ್ಲಿ ಅದನ್ನು ಆರ್ನಾಲ್ಡ್ ನರ ಎನ್ನುತ್ತಾರೆ. ಧ್ವನಿಪೆಟ್ಟಿಗೆಯ ಸುದ್ದಿಯೂ ಅದೇ ವೇಗಸ್‌ನಲ್ಲಿ ಸಾಗುವುದರಿಂದ, ಕಿವಿಯಲ್ಲಿ ಕಡ್ಡಿ ತಾಗಿದಾಗ ಗಂಟಲಿಗೇ ಏನೋ ತಾಗಿತೆಂದು ದೇಹ ಕೆಮ್ಮಿಬಿಡುತ್ತದೆ. ನಿಮಗೆ ಆಗಿರುವುದು ಇದರ ತಿರುವುಮುರುವು. ಇನ್ನೊಂದು ಸಾಕ್ಷಿ ನಮ್ಮ ವಾರ್ಡುಗಳಲ್ಲಿ ಸಿಗುತ್ತದೆ. ಟಾನ್ಸಿಲ್ ಶಸ್ತ್ರಚಿಕಿತ್ಸೆಯಾದ ಮಕ್ಕಳು ಕೆಲವು ದಿನಗಳ ನಂತರ ಕಿವಿ ಹಿಡಿದುಕೊಂಡು ಅಳುತ್ತ ಬರುತ್ತಾರೆ. ಗಂಟಲು ಕೊಯ್ಯಲು ಹೋಗಿ ಕಿವಿ ಕೆಡಿಸಿದರೆಂದು ತಾಯಿತಂದೆಯರು ಗಾಬರಿಯಾಗುತ್ತಾರೆ. ಕಿವಿ ನೋಡಿದರೆ ಎಳೆಗೂಸಿನ ಕಿವಿಯಷ್ಟು ಶುಭ್ರ. ಟಾನ್ಸಿಲ್ ಇದ್ದ ಜಾಗದ ಗಾಯ ಮಾಯುತ್ತಿದ್ದಂತೆ ಕಿವಿಯ ನೋವೂ ತಾನಾಗಿ ಹೋಗುತ್ತದೆ.

ನುಂಗಿದಾಗಲೇ ಏಕೆ ಚುಚ್ಚುತ್ತದೆ ಎಂದರೆ, ಪ್ರತಿ ಗುಟುಕಿಗೂ ಗಂಟಲಿನ ಸ್ನಾಯುಗಳು ಊದಿದ ಟಾನ್ಸಿಲ್ಲನ್ನು ಹಿಂಡುತ್ತವೆ, ಮತ್ತು ಹಿಂಡಿದಾಗಲೆಲ್ಲ ಅಲ್ಲಿನ ನರತುದಿಗಳು ಹೊಸದಾಗಿ ಕೂಗಿಕೊಳ್ಳುತ್ತವೆ. ನುಂಗುವುದರ ಜೊತೆಗೆ ಕಟ್ಟಿಬಿದ್ದ ಕಿವಿನೋವು ಗಂಟಲಿನದೇ ಇರಬಹುದೆಂಬುದಕ್ಕೆ ಇದು ಒಳ್ಳೆಯ ಸುಳಿವು. ಆದರೆ ಸುಳಿವು ಮಾತ್ರ. ಇದೊಂದನ್ನೇ ನಂಬಿ ಮನೆಯಲ್ಲಿ ತೀರ್ಮಾನ ಮಾಡುವಂತಿಲ್ಲ.

ಏಕೆಂದರೆ ನೀವು ಕೇಳಿದ ಎರಡನೆಯ ಪ್ರಶ್ನೆಯಲ್ಲೂ ಹುರುಳಿದೆ. ಗಂಟಲಿನ ಸೋಂಕು ನಿಜವಾಗಿಯೇ ಕಿವಿಗೆ ಏರುವುದುಂಟು. ಮೂಗಿನ ಹಿಂದೆ, ಗಂಟಲಿನ ಮೇಲ್ತುದಿಯಿಂದ ನಡುಗಿವಿಗೆ ಯೂಸ್ಟೇಶಿಯನ್ ನಾಳವೆಂಬ ಒಂದು ಕೊಳವೆ ಇದೆ. ದೊಡ್ಡವರಲ್ಲಿ ಅದು ಸುಮಾರು 35 ಮಿಲಿಮೀಟರ್ ಉದ್ದ, ಓರೆಯಾಗಿ ಮೇಲಕ್ಕೆ ಏರುತ್ತದೆ. ಎಳೆಯ ಮಕ್ಕಳಲ್ಲಿ ಅದು ಹೆಚ್ಚುಕಡಿಮೆ ಅರ್ಧದಷ್ಟು ಉದ್ದ, ಅಡ್ಡಡ್ಡವಾಗಿ ಮಲಗಿರುತ್ತದೆ. ಆದ್ದರಿಂದ ನೆಗಡಿಯಾದ ಮಗುವಿನ ಕಿವಿನೋವು ಬಹುಮಟ್ಟಿಗೆ ನಿಜವಾದ ಕಿವಿಯ ಸೋಂಕೇ ಆಗಿರುತ್ತದೆ, ಮತ್ತು ನಾನು ಇಲ್ಲಿ ಬರೆದದ್ದನ್ನು ಓದಿ ಮಗುವಿನ ಕಿವಿಗೆ ಏನೂ ಆಗಿರಲಿಕ್ಕಿಲ್ಲವೆಂದು ಯಾರೂ ಸುಮ್ಮನಿರಬಾರದು. ದೊಡ್ಡವರಲ್ಲಿ ಸೋಂಕು ಈ ನಾಳದಿಂದ ಏರಿದರೆ ಕಿವಿ ಗಡಚಿಕ್ಕಿದಂತಾಗುತ್ತದೆ, ಕೇಳಿಸುವುದು ಮಂದವಾಗುತ್ತದೆ, ನೋವು ನುಂಗಿದಾಗ ಮಾತ್ರವಲ್ಲದೆ ಹಗಲುರಾತ್ರಿ ಟಕಟಕನೆ ಮಿಡಿಯುತ್ತದೆ, ಪರದೆ ಕೆಂಪಾಗಿ ಹೊರಕ್ಕೆ ಉಬ್ಬುತ್ತದೆ, ಕೆಲವೊಮ್ಮೆ ಒಡೆದು ಕೀವು ಸೋರುತ್ತದೆ. ಕಿವಿಯ ಹೊರಕೊಳವೆಯ ಸೋಂಕಾದರೆ ಕಿವಿಯ ಹಾಲೆಯನ್ನು ಎಳೆದಾಗ ಅಥವಾ ಕಿವಿರಂಧ್ರದ ಮುಂದಿನ ಗಟ್ಟಿ ತುಣುಕನ್ನು ಒತ್ತಿದಾಗ ಜೀವ ಹೋದಂತಾಗುತ್ತದೆ. ನಿಮ್ಮಲ್ಲಿ ಇವು ಯಾವುವೂ ಇಲ್ಲವೆಂದೇ ನಿಮ್ಮ ವೈದ್ಯರು ಹನಿ ಬರೆಯಲಿಲ್ಲ. ಹನಿಗಳನ್ನು ಬರೆದುಕೊಟ್ಟು ನಿಮ್ಮನ್ನು ಸಮಾಧಾನಪಡಿಸುವುದು ಅವರಿಗೆ ಸುಲಭವಿತ್ತು. ಬರೆಯದೆ ಇದ್ದದ್ದು ಅವರ ಪ್ರಾಮಾಣಿಕತೆ.

ಅತ್ತೆಯವರ ಎಣ್ಣೆಯ ಬಗ್ಗೆ ಮೃದುವಾಗಿ ಹೇಳಬೇಕೆಂದರೂ ಬೇಡವೆಂದೇ ಹೇಳಬೇಕು. ನೋವಿನ ಮೂಲ ಟಾನ್ಸಿಲ್‌ನಲ್ಲಿರುವಾಗ ಕಿವಿಗೆ ಬಿಟ್ಟ ಎಣ್ಣೆ ಪರದೆಯಾಚೆಗೂ ಹೋಗುವುದಿಲ್ಲ, ಗಂಟಲಿಗೂ ಇಳಿಯುವುದಿಲ್ಲ. ಪರದೆಯಲ್ಲಿ ಮೊದಲೇ ತೂತಿದ್ದರೆ ಅದು ಒಳಗೆ ಇಳಿದು ಒಣಗಿದ್ದ ಕಿವಿಯನ್ನು ಮತ್ತೆ ಸೋರಿಸುತ್ತದೆ. ಬೆಚ್ಚಗಿದೆಯೆಂದು ಹಾಕಿದ ಎಣ್ಣೆ ಬಿಸಿಯಾಗಿದ್ದು ಕೊಳವೆಯ ಚರ್ಮ ಸುಟ್ಟವರನ್ನು ನೋಡಿದ್ದೇನೆ. ಎಣ್ಣೆ, ಬೆವರು, ಧೂಳು ಕೂಡಿದ ಕಿವಿಯಲ್ಲಿ ಬೂಷ್ಟು ಬೆಳೆಯುವುದು ನಮ್ಮ ಕಡೆ ಅಪರೂಪವಲ್ಲ. ಹೊಲದಲ್ಲಿ ತೊಗರಿಯ ರಾಶಿ ನಡೆಯುವ ದಿನಗಳಲ್ಲಿ ಕಿವಿ ತುರಿಸುತ್ತದೆಂದು ಬೆಂಕಿಕಡ್ಡಿ, ಹೇರ್‌ಪಿನ್ ಹಾಕಿ ಕೆರೆದುಕೊಂಡು ಬರುವವರದು ಬೇರೆಯೇ ಒಂದು ಕಥೆ. ಎರಡು ರಾತ್ರಿಯ ಎಣ್ಣೆಯಿಂದ ನಿಮಗೆ ತೊಂದರೆಯಾಗಿಲ್ಲವೆಂದು ಪರೀಕ್ಷೆಯಲ್ಲಿ ಕಂಡಿದೆ, ಸಂತೋಷ. ಅಲ್ಲಿಗೆ ನಿಲ್ಲಿಸಿ.

ಚಿಕಿತ್ಸೆ ಗಂಟಲಿಗೇ ಆಗಬೇಕು. ಗಂಟಲು ಮಾಗಿದರೆ ಕಿವಿ ಮಾಗುತ್ತದೆ. ಬಹುಪಾಲು ಗಂಟಲು ನೋವು ವೈರಸ್‌ನಿಂದ ಬರುತ್ತದೆ; ನೆಗಡಿ, ಕೆಮ್ಮು, ಧ್ವನಿ ಒಡೆಯುವುದು ಜೊತೆಗಿದ್ದರೆ ಆ ಸಾಧ್ಯತೆ ಇನ್ನೂ ಹೆಚ್ಚು, ಮತ್ತು ಅದು ಒಂದು ವಾರದ ಆಚೀಚೆ ತಾನೇ ಇಳಿಯುತ್ತದೆ. 38 ಡಿಗ್ರಿ ಸೆಲ್ಸಿಯಸ್ ಮೀರಿದ ಜ್ವರ, ಟಾನ್ಸಿಲ್ ಮೇಲೆ ಬಿಳಿ ಕೀವಿನ ಚುಕ್ಕೆಗಳು, ದವಡೆಯ ಕೆಳಗೆ ಮುಟ್ಟಿದರೆ ನೋಯುವ ಗಡ್ಡೆಗಳು, ಕೆಮ್ಮು ಇಲ್ಲದಿರುವುದು, ಇವೆಲ್ಲ ಒಟ್ಟಿಗೆ ಇದ್ದರೆ ಸ್ಟ್ರೆಪ್ಟೊಕಾಕಸ್ ಎಂಬ ಬ್ಯಾಕ್ಟೀರಿಯಾದ ಅನುಮಾನ ಬಲವಾಗುತ್ತದೆ. ದೊಡ್ಡವರ ಗಂಟಲು ನೋವಿನಲ್ಲಿ ಇದರ ಪಾಲು ನೂರಕ್ಕೆ 5ರಿಂದ 15, ಮಕ್ಕಳಲ್ಲಿ 20ರಿಂದ 30 ಎಂದು ಲೆಕ್ಕ. ಹಾಗಿದ್ದಾಗ ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಗುಳಿಗೆಯನ್ನು ಸಾಮಾನ್ಯವಾಗಿ 10 ದಿನ ಕೊಡುತ್ತೇವೆ. ಪೆನಿಸಿಲಿನ್ ಒಗ್ಗದವರಿಗೆ ಬೇರೆ ಔಷಧವಿದೆ. ನಿಮಗೆ ಬರೆದಿರುವುದು ಇಂಥ ಔಷಧವಾದರೆ ಮೂರನೆಯ ದಿನ ನೋವು ಹೋಯಿತೆಂದು ಉಳಿದದ್ದನ್ನು ಮಾವನವರಿಗೆ ಎತ್ತಿಡಬೇಡಿ, ಪೂರ್ತಿ ಮುಗಿಸಿ. ಸ್ಟ್ರೆಪ್ಟೊಕಾಕಸ್ ಸೋಂಕನ್ನು ಅರ್ಧಕ್ಕೆ ಬಿಟ್ಟರೆ ಎರಡು ಮೂರು ವಾರಗಳ ನಂತರ ಕೀಲುವಾಯು ಜ್ವರ ಬಂದು ಹೃದಯದ ಕವಾಟಗಳು ಕೆಡಬಹುದು. ಇದು ಮುಖ್ಯವಾಗಿ 5ರಿಂದ 15 ವರ್ಷದೊಳಗಿನವರ ರೋಗ, ಅಂದರೆ ನಿಮ್ಮ ತರಗತಿಯಲ್ಲಿ ಕೂರುವವರದು. ಗಂಟಲು ನೋವು ಶುರುವಾದ 9 ದಿನಗಳೊಳಗೆ ಸರಿಯಾದ ಔಷಧ ಆರಂಭಿಸಿದರೆ ಇದನ್ನು ತಡೆಯಬಹುದು. ಮತ್ತು ಔಷಧ ಆರಂಭವಾಗಿ 24 ಗಂಟೆ ಕಳೆದು ಜ್ವರ ಇಳಿದ ಮೇಲೆಯೇ ನೀವು ಶಾಲೆಗೆ ಮರಳುವುದು ಮಕ್ಕಳಿಗೆ ಕ್ಷೇಮ.

ನೋವಿಗೆ ಪ್ಯಾರಾಸಿಟಮಾಲ್ ಸಾಕು: 500 ಅಥವಾ 650 ಮಿಲಿಗ್ರಾಂನ ಗುಳಿಗೆ, ಆರು ತಾಸಿಗೊಮ್ಮೆ, ಊಟದ ಅರ್ಧ ತಾಸು ಮುಂಚೆ ತೆಗೆದುಕೊಂಡರೆ ನುಂಗುವುದು ಹಗುರಾಗುತ್ತದೆ. ಯಕೃತ್ತಿನ (ಲಿವರ್) ತೊಂದರೆ ಇದ್ದವರು, ಮದ್ಯ ಕುಡಿಯುವವರು ಕೇಳದೆ ತೆಗೆದುಕೊಳ್ಳಬಾರದು. ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ದಿನಕ್ಕೆ ನಾಲ್ಕಾರು ಸಲ ಗಂಟಲು ಮುಕ್ಕಳಿಸಿ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ನಾಲ್ಕು ದಿನ ದೂರವಿರಲಿ. ಬಿಸಿ ರೊಟ್ಟಿಯನ್ನು ಬೇಳೆ ಕಟ್ಟಿನಲ್ಲಿ ನೆನೆಸಿ ತಿನ್ನಿ, ಇಲ್ಲವೆ ಜೋಳದ ಅಂಬಲಿ ಕುಡಿಯಿರಿ. ಔಷಧದ ಅಂಗಡಿಯವರು ಕಾಗದದಲ್ಲಿ ಕಟ್ಟಿಕೊಡುವ ಮೂರು ಬಣ್ಣದ ಗುಳಿಗೆಗಳ ಪೊಟ್ಟಣವನ್ನು ಮಾತ್ರ ತರಬೇಡಿ. ಅದರಲ್ಲಿ ಒಂದು ಸ್ಟಿರಾಯ್ಡ್ ಇರುವುದುಂಟು. ಅದು ಎರಡು ದಿನ ಎಲ್ಲವನ್ನೂ ಮುಚ್ಚಿಟ್ಟು ಮೂರನೆಯ ದಿನ ಬಯಲು ಮಾಡುತ್ತದೆ.

ಹೀಗಿದ್ದೂ ಕೆಲವು ಲಕ್ಷಣಗಳು ಕಂಡರೆ ಅದೇ ದಿನ ದವಾಖಾನೆಗೆ ಹೊರಡಬೇಕು. ನೋವು ಬಲಗಡೆಗೇ ಸರಿದು ದಿನೇದಿನೇ ಏರುತ್ತ, ಬಾಯಿ ತೆರೆಯಲು ಬಾರದೆ, ಬಾಯಲ್ಲಿ ಬಿಸಿ ತುತ್ತು ಇಟ್ಟುಕೊಂಡು ಮಾತಾಡಿದಂತೆ ಧ್ವನಿ ಬದಲಾಗಿ, ಉಗುಳನ್ನೂ ನುಂಗಲಾಗದೆ ಜೊಲ್ಲು ಸುರಿದರೆ, ಟಾನ್ಸಿಲ್‌ನ ಹಿಂದೆ ಕೀವು ಕಟ್ಟಿದೆಯೆಂದು ತಿಳಿಯಬೇಕು. ಕನ್ನಡಿಯಲ್ಲಿ ನೋಡಿದರೆ ಕಿರುನಾಲಿಗೆ ಎದುರು ಬದಿಗೆ ತಳ್ಳಿಸಿಕೊಂಡಿರುತ್ತದೆ. ಈ ಕೀವು ಗುಳಿಗೆಗಷ್ಟೇ ಬಗ್ಗುವುದಿಲ್ಲ. ಹೆಚ್ಚಿನವರಲ್ಲಿ ಸೂಜಿಯಿಂದಲೋ ಸಣ್ಣ ಕೊಯ್ತದಿಂದಲೋ ಹೊರತೆಗೆಯಬೇಕಾಗುತ್ತದೆ, ತೆಗೆದ ಗಳಿಗೆಯಿಂದಲೇ ಕಿವಿಯ ನೋವು ಇಳಿಯುವುದನ್ನು ನೋಡಿ ರೋಗಿಗಳೇ ಬೆರಗಾಗುತ್ತಾರೆ. ಉಸಿರಾಡುವಾಗ ಗೊರ್ರೆಂದು ಸದ್ದು ಬಂದರಂತೂ ತುರ್ತು. ಮಗುವಿನ ಗಂಟಲಲ್ಲಿ ಬೂದುಬಣ್ಣದ ಪೊರೆ ಅಂಟಿಕೊಂಡಿದ್ದು, ಕುತ್ತಿಗೆ ಊದಿದ್ದರೆ ಅದು ಗಂಟಲಮಾರಿ, ಅಂದರೆ ಡಿಫ್ತೀರಿಯಾ ಆಗಿರಬಹುದು. ಅದು ಹಳೆಯ ಕಾಲದ ರೋಗವೆಂದು ತಿಳಿಯಬೇಡಿ. 6, 10, 14ನೆಯ ವಾರದ ಲಸಿಕೆ ಹಾಕಿಸಿದವರೂ ಒಂದೂವರೆ ವರ್ಷದ, ಐದು ವರ್ಷದ, ಮತ್ತೆ 10 ಹಾಗೂ 16ನೆಯ ವರ್ಷದ ವರ್ಧಕ ಲಸಿಕೆಗಳನ್ನು ಮರೆಯುತ್ತಾರೆ. ದುಡಿಯಲು ಪುಣೆ, ಮುಂಬೈ, ಹೈದರಾಬಾದಿಗೆ ಹೋಗಿ ಬರುವ ಕುಟುಂಬಗಳ ಮಕ್ಕಳಲ್ಲಿ ಇದು ಸುಲಭವಾಗಿ ತಪ್ಪಿಹೋಗುತ್ತದೆ.

ಇನ್ನು ನಿಮ್ಮ ಮಾವನವರ ವಿಷಯ. ಕಿವಿ ಚೊಕ್ಕವಾಗಿದೆ ಎಂಬ ಮಾತು ನಿಮ್ಮ ಪಾಲಿಗೆ ಸಮಾಧಾನದ್ದು. ಅವರ ಪಾಲಿಗೆ ಅದೇ ಮಾತು ಹುಡುಕಾಟದ ಆರಂಭ. ನೋಯುವ ಕಿವಿ ಆರೋಗ್ಯವಾಗಿ ಕಂಡಷ್ಟೂ ನಾವು ಬೇರೆ ಕಡೆ ಹೆಚ್ಚು ಗಮನವಿಟ್ಟು ನೋಡಬೇಕಾಗುತ್ತದೆ. ಮೊದಲು ಸಾಮಾನ್ಯ ಕಾರಣಗಳನ್ನೇ ಹೇಳುತ್ತೇನೆ, ಏಕೆಂದರೆ ಅವೇ ಹೆಚ್ಚು. ಕೆಳಗಿನ ದವಡೆಹಲ್ಲು ಹುಳುಕಾಗಿದ್ದರೆ, ಬುದ್ಧಿಹಲ್ಲಿನ ಸುತ್ತ ವಸಡು ಕೆಟ್ಟಿದ್ದರೆ, 5ನೆಯ ನರದ ಮೂಲಕ ಕಿವಿ ನೋಯುತ್ತದೆ. ದವಡೆಯ ಕೀಲು ಕಿವಿಗೆ ಅಂಟಿಕೊಂಡೇ ಇದೆ. ವರ್ಷಗಟ್ಟಲೆ ಒಂದೇ ಬದಿಯಲ್ಲಿ ಅಡಿಕೆ ಅಗಿಯುವವರಲ್ಲಿ ಆ ಕೀಲು ಸವೆದು ಕಿವಿಯದೇ ನೋವೆಂಬಂತೆ ಕಾಡುತ್ತದೆ. ಕುತ್ತಿಗೆಯ ಎಲುಬಿನ ಸವೆತ, ಗಂಟಲಿಗೆ ಏರುವ ಹುಳಿತೇಗು, ಥೈರಾಯ್ಡ್ ಗ್ರಂಥಿಯ ಉರಿಯೂತ, ಇವೂ ಪಟ್ಟಿಯಲ್ಲಿವೆ.

ಆದರೆ ತಂಬಾಕಿನ ರೂಢಿಯಿರುವ, ಐವತ್ತು ದಾಟಿದ ಒಬ್ಬರಿಗೆ ಒಂದೇ ಕಿವಿ ಮೂರು ವಾರ ಮೀರಿ ನೋಯುತ್ತಿದ್ದು ಕಿವಿಯಲ್ಲಿ ಕಾರಣ ಸಿಗದಿದ್ದರೆ, ಗಂಟಲಿನಲ್ಲಿ ಗಡ್ಡೆ ಅಥವಾ ಹುಣ್ಣು ಇಲ್ಲವೆಂದು ಖಚಿತವಾಗುವವರೆಗೆ ಹುಡುಕಾಟ ನಿಲ್ಲಿಸಬಾರದೆಂಬುದು ನಮ್ಮ ವೃತ್ತಿಯ ಕಟ್ಟುನಿಟ್ಟಿನ ನಿಯಮ. ನಾಲಿಗೆಯ ಬುಡ, ಟಾನ್ಸಿಲ್‌ನ ಹಿಂಬದಿ, ಧ್ವನಿಪೆಟ್ಟಿಗೆಯ ಪಕ್ಕದ ಗುಳಿ, ಈ ಮೂರು ಜಾಗಗಳಲ್ಲಿ ಹುಟ್ಟುವ ಕ್ಯಾನ್ಸರ್ ಬಹುಕಾಲ ಬಾಯಿ ತೆರೆದರೂ ಕಾಣುವುದಿಲ್ಲ, ಧ್ವನಿಯನ್ನೂ ಕೆಡಿಸುವುದಿಲ್ಲ; ಕೆಲವರಲ್ಲಿ ಅದರ ಮೊದಲ ದೂರು 9 ಮತ್ತು 10ನೆಯ ನರಗಳ ದಾರಿಯಲ್ಲಿ ಬಂದ ಕಿವಿನೋವೇ ಆಗಿರುತ್ತದೆ. ನಿಮಗೆ ಟಾನ್ಸಿಲ್‌ನ ಸುದ್ದಿ ತಂದ ಅದೇ ಹಳಿ ಇದು. ನಿಮ್ಮ ಮಾವನವರಿಗೆ ಇದೇ ಆಗಿದೆಯೆಂದು ನಾನು ಹೇಳುತ್ತಿಲ್ಲ. ಪತ್ರ ಓದಿ ಯಾರೂ ಹಾಗೆ ಹೇಳಲಾರರು. ನೋವಿನ ಗುಳಿಗೆ ಕೊಟ್ಟು ಇನ್ನೊಂದು ತಿಂಗಳು ದೂಡುವ ಅವಕಾಶ ನಿಮಗಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಮನೆಯಲ್ಲಿ ನೀವು ಗಮನಿಸಬಹುದಾದದ್ದೂ ಇದೆ. ಅವರ ಬಾಯಿಯಲ್ಲಿ ಮೂರು ಬೆರಳು ನೆಟ್ಟಗೆ ಹಿಡಿಸುತ್ತವೆಯೇ? ಹಿಡಿಸದಿದ್ದರೆ ಅಡಿಕೆ, ಗುಟ್ಕಾಗಳಿಂದ ಕೆನ್ನೆಯ ಒಳಪೊರೆ ಗಡುಸಾಗುತ್ತ ಬಂದಿರಬಹುದು, ಮತ್ತು ಅಂಥ ಬಾಯಿಯಲ್ಲಿ ಕ್ಯಾನ್ಸರ್ ಹುಟ್ಟುವ ಭಯ ಹೆಚ್ಚು. ಊಟದಲ್ಲಿ ಖಾರ ಬಿಟ್ಟಿದ್ದಾರೆಯೇ? ನಮ್ಮ ಜಿಲ್ಲೆಗಳಲ್ಲಿ ಹುಟ್ಟಿ ಬೆಳೆದ ಮನುಷ್ಯ ಇದ್ದಕ್ಕಿದ್ದಂತೆ ಹಸಿಮೆಣಸಿನಕಾಯಿ ಖಾರ ಒಲ್ಲೆ ಎಂದರೆ ಅದನ್ನು ವಯಸ್ಸಾಯಿತೆಂದು ಬಿಡುವುದು ಸರಿಯಲ್ಲ. ರೊಟ್ಟಿ ಬಿಟ್ಟು ಅನ್ನಕ್ಕೆ, ಅನ್ನ ಬಿಟ್ಟು ಅಂಬಲಿಗೆ ಇಳಿದಿದ್ದಾರೆಯೇ, ಅಂಗಿ ಸಡಿಲಾಗಿದೆಯೇ, ಕುತ್ತಿಗೆಯಲ್ಲಿ ನೋವಿಲ್ಲದ ಗಟ್ಟಿ ಗಡ್ಡೆ ಕೈಗೆ ಸಿಗುತ್ತದೆಯೇ, ಉಗುಳಿನಲ್ಲಿ ರಕ್ತದ ಎಳೆ ಕಂಡಿದೆಯೇ, ಇವನ್ನು ಮನೆಯ ಹೆಣ್ಣುಮಕ್ಕಳು ವೈದ್ಯರಿಗಿಂತ ಮೊದಲು ಕಾಣುತ್ತಾರೆ. ಆದರೆ ಇವು ಯಾವುವೂ ಇಲ್ಲವೆಂದು ಪರೀಕ್ಷೆಯನ್ನು ಮುಂದೂಡಬೇಡಿ. ಇವೆಲ್ಲ ಬಂದ ಮೇಲೆ ಹೋಗುವುದಕ್ಕಿಂತ ಕಿವಿನೋವೊಂದೇ ಇರುವಾಗ ಹೋಗುವುದು ಎಷ್ಟೋ ಮೇಲು.

ಅವರನ್ನು ಕಿವಿ-ಮೂಗು-ಗಂಟಲು ವಿಭಾಗಕ್ಕೆ ಕರೆದೊಯ್ಯಿರಿ. ಕಲಬುರಗಿಯ ಜಿಮ್ಸ್, ಬೀದರಿನ ಬ್ರಿಮ್ಸ್, ಯಾದಗಿರಿಯ ಯಿಮ್ಸ್ ಸರಕಾರಿ ವೈದ್ಯಕೀಯ ಸಂಸ್ಥೆಗಳೇ. ಕಿವಿ ತೋರಿಸಬೇಕು ಎಂದಷ್ಟೇ ಹೇಳಿದರೆ ಮತ್ತೆ ಕಿವಿಯನ್ನೇ ನೋಡಿ ಕಳಿಸುವ ಸಾಧ್ಯತೆ ಇದೆ. ಎರಡು ತಿಂಗಳಿಂದ ಒಂದೇ ಕಿವಿ ನೋಯುತ್ತಿದೆ, ಕಿವಿ ಸರಿಯಿದೆಯೆಂದು ಹೇಳಿದ್ದಾರೆ, ತಂಬಾಕು ಹಾಕುತ್ತಾರೆ, ಗಂಟಲು ನೋಡಬೇಕು ಎಂದು ಹೇಳಿ. ಅಲ್ಲಿ ಮೂಗಿನ ಮೂಲಕ ತೆಳ್ಳಗಿನ ಬಾಗುವ ದುರ್ಬೀನನ್ನು ಇಳಿಸಿ ನಾಲಿಗೆಯ ಬುಡದಿಂದ ಧ್ವನಿಪೆಟ್ಟಿಗೆಯವರೆಗೆ ನೋಡುತ್ತಾರೆ. ಮರಗಟ್ಟಿಸುವ ಔಷಧ ಸಿಂಪಡಿಸಿ ಮಾಡುವುದರಿಂದ ಕಿರಿಕಿರಿಯಾಗುತ್ತದೆ, ನೋವಾಗುವುದಿಲ್ಲ, ಕೆಲವೇ ನಿಮಿಷಗಳ ಕೆಲಸ. ನಾಲಿಗೆಯ ಬುಡವನ್ನೂ ಟಾನ್ಸಿಲ್ಲನ್ನೂ ಕೈಗವಸು ತೊಟ್ಟ ಬೆರಳಿನಿಂದ ಒತ್ತಿ ನೋಡುತ್ತಾರೆ. ಕಣ್ಣಿಗೆ ಕಾಣದ ಗಟ್ಟಿತನ ಬೆರಳಿಗೆ ಸಿಗುತ್ತದೆ, ಈ ಹಳೆಯ ಪರೀಕ್ಷೆಯನ್ನು ಯಾವ ಯಂತ್ರವೂ ಇನ್ನೂ ಬದಿಗೆ ಸರಿಸಿಲ್ಲ. ಅನುಮಾನದ ಜಾಗ ಕಂಡರೆ ಸಣ್ಣ ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಕತ್ತರಿ ತಾಗಿದರೆ ಕ್ಯಾನ್ಸರ್ ಹಬ್ಬುತ್ತದೆಂಬ ಮಾತನ್ನು ಊರಲ್ಲಿ ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ನಿಜವಲ್ಲ, ಆ ಚೂರಿಲ್ಲದೆ ಚಿಕಿತ್ಸೆಯನ್ನೇ ಆರಂಭಿಸಲಾಗದು. ಒಂದು ವೇಳೆ ಹೆಚ್ಚಿನ ಚಿಕಿತ್ಸೆ ಬೇಕಾದರೆ ಬೆಂಗಳೂರಿಗೇ ಓಡಬೇಕೆಂದಿಲ್ಲ, ಕಿದ್ವಾಯಿ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲೇ ಇದೆ. ಬಿಪಿಎಲ್ ಕಾರ್ಡ್ ಇದ್ದವರಿಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಧಾರ್ ಮತ್ತು ಕಾರ್ಡನ್ನು ಮೊದಲ ದಿನವೇ ಜೊತೆಗಿಟ್ಟುಕೊಳ್ಳಿ. ತಂಬಾಕು ಬಿಡಲು ಅವರೇ ಮನಸ್ಸು ಮಾಡಿದರೆ 1800-11-2356 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು.

ನಿಮ್ಮ ಕಿವಿ ಎಂದು ಸರಿಹೋಗುತ್ತದೆ ಎಂಬುದನ್ನು ಹೇಳುವುದು ಉಳಿಯಿತು. ಔಷಧ ಹಿಡಿದರೆ ಎರಡು ಮೂರು ದಿನಗಳಲ್ಲಿ ನುಂಗುವಾಗಿನ ಚುಚ್ಚು ಇಳಿಯಬೇಕು. ಟಾನ್ಸಿಲ್‌ನ ಊತ ಪೂರ್ತಿ ಕರಗುವವರೆಗೆ ಆಗೊಮ್ಮೆ ಈಗೊಮ್ಮೆ ಸಣ್ಣ ಸೆಳೆತ ಉಳಿಯಬಹುದು. ಜ್ವರ ಮತ್ತೆ ಬಂದರೆ, ಕಿವಿ ಮಂದವಾದರೆ, ಅಥವಾ ಗಂಟಲು ಪೂರ್ತಿ ಗುಣವಾದ ಮೇಲೂ ಎರಡು ಮೂರು ವಾರ ಕಿವಿ ನೋಯುತ್ತಲೇ ಇದ್ದರೆ ಮತ್ತೆ ತೋರಿಸಿ. ಮಾವನವರನ್ನು ಕರೆದೊಯ್ದ ದಿನ ನೀವೂ ಒಳಗೆ ಬನ್ನಿ. ದಿನಕ್ಕೆ ಎಷ್ಟು ಸಲ ತಂಬಾಕು, ಎಷ್ಟು ವರ್ಷದಿಂದ, ಯಾವ ಬದಿಯ ಕೆನ್ನೆಯಲ್ಲಿ ಇಟ್ಟುಕೊಳ್ಳುತ್ತಾರೆ ಎಂದು ವೈದ್ಯರು ಕೇಳಿದಾಗ ಅವರು ಸೊಸೆಯ ಮುಂದೆ ಅರ್ಧ ಲೆಕ್ಕ ಹೇಳಿಯಾರು. ಅತ್ತೆಯವರನ್ನೂ ಜೊತೆಗೆ ಕರೆತಂದರೆ ಉಳಿದ ಅರ್ಧ ಸಿಗುತ್ತದೆ.